ಪರಂಪರೆಯ ರಥ, ಸಾರಥಿಯ ಸುಖ

ಕಠೋಪನಿಷತ್ತು ಶರೀರವನ್ನು ರಥವೆಂದೂ ಬುದ್ಧಿಯನ್ನು ಸಾರಥಿಯೆಂದೂ ರೂಪಿಸಿದೆ. ಬದುಕನ್ನು ಅರಿಯಲು ನಮ್ಮ ಹಿರಿಯರು ವಾಹನದ ಉಪಮೆಯನ್ನೇ ಆರಿಸಿಕೊಂಡುದು ಆಕಸ್ಮಿಕವಲ್ಲ. ವಾಹನವನ್ನು ಕಟ್ಟಿದವನ ಅಭಿರುಚಿ, ಏರಿದವನ ಸ್ವಭಾವ, ಸಾಗುವ ದಾರಿಯ ಗುಣ ಈ ಮೂರೂ ಅದರಲ್ಲಿ ಮೈದಾಳುತ್ತವೆ. ಒಂದು ಸಮಾಜವು ತನ್ನ ಹಳೆಯ ವಾಹನಗಳನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ಗಮನಿಸಿದರೆ, ಅದು ತನ್ನ ಪರಂಪರೆಯನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದೂ ತಿಳಿದುಬರುತ್ತದೆ.

ನಮ್ಮ ಸಮಾಜದ ಅನೇಕ ಮನೆಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಅವರಲ್ಲಿಗೆ ಹೋಗಿಬಂದ ತಂದೆತಾಯಿಗಳು ಬೇಸಿಗೆಯ ರಜಾದಿನಗಳಲ್ಲಿ ಬಯಲೊಂದರಲ್ಲಿ ಸಾಲಾಗಿ ನಿಂತ ವಿಚಿತ್ರವಾದ ಹಳೆಯ ಕಾರುಗಳನ್ನು ಕಂಡಿರಬಹುದು. ನೆಲಕ್ಕಂಟಿದಂತೆ ತಗ್ಗಾದ ಮೈ, ಮಡ್‌ಗಾರ್ಡುಗಳಿಲ್ಲದ ಚಕ್ರಗಳು, ಬಾನೆಟ್ಟಿನ ಹಂಗಿಲ್ಲದೆ ಥಳಥಳಿಸುವ ಎಂಜಿನ್, ಕತ್ತಿ ಹಿಡಿದು ಕೊಯ್ದಂತೆ ಕುಗ್ಗಿದ ಛಾವಣಿ ಇವು ಅವುಗಳ ಲಕ್ಷಣ. ಇವಕ್ಕೆ ‘ಹಾಟ್ ರಾಡ್’ ಎಂದು ಹೆಸರು. ಈ ಕಾರುಗಳನ್ನು ಕಟ್ಟುವವರಲ್ಲಿ ಹಲವು ದಶಕಗಳಿಂದ ಒಂದು ಜಿಜ್ಞಾಸೆ ನಡೆದಿದೆ: ಹಿರಿಯರು ಹಾಕಿಕೊಟ್ಟ ರೂಪವನ್ನು ಕೆಡಿಸದೆ, ಅದರೊಳಗೆ ಕುಳಿತು ನಡೆಸುವವನ ದೇಹಕ್ಕೆ ಹಿತವನ್ನು ಒದಗಿಸುವುದು ಹೇಗೆ? ಪ್ರಶ್ನೆಯು ಲೋಹಕ್ಕೆ ಸಂಬಂಧಿಸಿದುದಾದರೂ ಅದರ ತಿರುಳು ಲೋಹವನ್ನು ಮೀರಿದುದು. ಆದುದರಿಂದ ಕುಟುಂಬದ ಈ ಪತ್ರಿಕೆಯಲ್ಲಿ ಅದನ್ನು ಕೊಂಚ ವಿಸ್ತಾರವಾಗಿ ಪರಿಶೀಲಿಸುವುದು ಅನುಚಿತವಾಗಲಾರದು.

ಒಣಸರೋವರದ ದಂಡೆಯಲ್ಲಿ ಹುಟ್ಟಿದ ವಿದ್ಯೆ

ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಸರೋವರಗಳಿವೆ. ಅವುಗಳ ತಳ ಹಲಗೆಯಂತೆ ಸಮತಟ್ಟು, ಇಟ್ಟಿಗೆಯಂತೆ ಗಟ್ಟಿ. 1920 ಮತ್ತು 30ರ ದಶಕಗಳಲ್ಲಿ ಲಾಸ್ ಏಂಜಲಿಸ್ ಸುತ್ತಮುತ್ತಲಿನ ತರುಣರು ಅಗ್ಗದ ಬೆಲೆಗೆ ದೊರೆಯುತ್ತಿದ್ದ ಹಳೆಯ ಫೋರ್ಡ್ ಕಾರುಗಳನ್ನು ಅಲ್ಲಿಗೆ ಕೊಂಡೊಯ್ದು ವೇಗವನ್ನು ಪರೀಕ್ಷಿಸುತ್ತಿದ್ದರು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಮಾಡೆಲ್ ಟಿ, ಅದರ ತರುವಾಯ ಬಂದ ಮಾಡೆಲ್ ಎ ಇವರ ಕಚ್ಚಾವಸ್ತುಗಳಾದವು. 1932ರಲ್ಲಿ ಹೆನ್ರಿ ಫೋರ್ಡರು ಎಂಟು ಸಿಲಿಂಡರುಗಳ ವಿ-8 ಎಂಜಿನ್ನನ್ನು ಸಾಮಾನ್ಯರಿಗೆ ಎಟುಕುವ ಬೆಲೆಯ ಕಾರಿನಲ್ಲಿ ಅಳವಡಿಸಿದರು. ಅದರ ಶಕ್ತಿ 65 ಅಶ್ವಬಲ. ಆ ವರ್ಷದ ಕಾರಿಗೆ ಇಸವಿಯ ಕೊನೆಯ ಅಂಕಿಯಾದ ಎರಡರಿಂದ ‘ಡ್ಯೂಸ್’ ಎಂಬ ಮುದ್ದಿನ ಹೆಸರು ಬಂದಿತು. ಹಾಟ್ ರಾಡ್ ಪ್ರಪಂಚದಲ್ಲಿ ಇಂದಿಗೂ ಅದಕ್ಕೆ ಅಗ್ರಪೂಜೆ.

1937ರಲ್ಲಿ ಈ ತರುಣರ ಸಂಘಗಳೆಲ್ಲ ಕೂಡಿ ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡವು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯದಿಂದ ಮರಳಿದ ಯುವಕರು ಯಂತ್ರಜ್ಞಾನವನ್ನೂ ಉತ್ಸಾಹವನ್ನೂ ಹೊತ್ತು ತಂದರು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಬೀದಿಗಳಲ್ಲಿ ನಡೆಯುತ್ತಿದ್ದ ಅಪಾಯಕರ ಪಂದ್ಯಗಳಿಂದ ತರುಣರನ್ನು ಬಿಡಿಸಿ ಶಿಸ್ತಿಗೆ ತರಲು 1951ರಲ್ಲಿ ವಾಲಿ ಪಾರ್ಕ್ಸ್ ಅವರು ರಾಷ್ಟ್ರೀಯ ಹಾಟ್ ರಾಡ್ ಅಸೋಸಿಯೇಷನ್ನನ್ನು ಸ್ಥಾಪಿಸಿದರು. ಒಂದು ಕಾಲದಲ್ಲಿ ಪೋಲಿ ಹುಡುಗರ ಹವ್ಯಾಸವೆಂದು ನಿಂದೆಗೊಳಗಾಗಿದ್ದ ಈ ವಿದ್ಯೆಗೆ 2014ರಲ್ಲಿ ಅಮೆರಿಕದ ಅಂಚೆ ಇಲಾಖೆಯೇ 1932ರ ಫೋರ್ಡ್ ಕಾರುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರಡಿಸಿ ಮನ್ನಣೆ ನೀಡಿತು.

ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಆ ತರುಣರು ಮಡ್‌ಗಾರ್ಡುಗಳನ್ನು ಕಳಚಿದ್ದು ಅಂದಕ್ಕಾಗಿ ಅಲ್ಲ, ಭಾರವನ್ನು ಇಳಿಸಲೆಂದು. ಮೈಯನ್ನು ತಗ್ಗಿಸಿದ್ದು ಗಾಳಿಯ ತಡೆಯನ್ನು ಕಡಿಮೆ ಮಾಡಲೆಂದು. ಪ್ರಯೋಜನದಿಂದ ಹುಟ್ಟಿದ ಆ ರೂಪವು ಕಾಲಾಂತರದಲ್ಲಿ ಶೈಲಿಯಾಯಿತು. ಶೈಲಿಯು ಮುಂದೆ ಸಂಪ್ರದಾಯವಾಯಿತು.

ರೂಪಕ್ಕಾಗಿ ದೇಹವು ತೆರುವ ಬೆಲೆ

ಹಾಟ್ ರಾಡಿನ ರೂಪವು ಮುಖ್ಯವಾಗಿ ಎರಡು ಕ್ರಿಯೆಗಳಿಂದ ಸಿದ್ಧಿಸುತ್ತದೆ. ಮೊದಲನೆಯದು ‘ಚಾಪಿಂಗ್’. ಛಾವಣಿಯನ್ನು ಹೊತ್ತ ಕಂಬಗಳನ್ನು ಅಡ್ಡಲಾಗಿ ಕೊಯ್ದು, ಎರಡರಿಂದ ನಾಲ್ಕು ಅಂಗುಲಗಳಷ್ಟು ತುಂಡನ್ನು ತೆಗೆದು, ಮತ್ತೆ ಬೆಸುಗೆ ಹಾಕುವುದು. ಎರಡನೆಯದು ‘ಚಾನೆಲಿಂಗ್’. ಕಾರಿನ ಮೈಯ ನೆಲವನ್ನು ಕತ್ತರಿಸಿ, ಮೈಯನ್ನು ಚಾಸಿಯ ಮೇಲೆ ಇರಿಸುವುದಕ್ಕೆ ಬದಲಾಗಿ ಚಾಸಿಯ ಎರಡು ಪಕ್ಕಗಳನ್ನು ತಬ್ಬುವಂತೆ ಕೆಳಕ್ಕೆ ಇಳಿಸುವುದು. ಎರಡರಿಂದಲೂ ಕಾರು ನೋಡಲು ನೆಲವನ್ನಪ್ಪಿದ ಚಿರತೆಯಂತಾಗುತ್ತದೆ.

ಆದರೆ ಒಳಗಿನವನ ಪಾಡೇನು? ಛಾವಣಿ ನಾಲ್ಕು ಅಂಗುಲ ಇಳಿದರೆ ತಲೆಗೆ ಅಷ್ಟೇ ಸ್ಥಳ ಕಡಿಮೆ. ಮೈ ಇಳಿದಾಗ ಚಾಸಿಯು ಇದ್ದಲ್ಲಿಯೇ ಇರುವುದರಿಂದ ಒಳಗಿನ ನೆಲವು ಮೇಲೆದ್ದು ಬಂದಂತಾಗುತ್ತದೆ. ಆಗ ಆಸನವನ್ನು ಅದರ ಕಾಲುಗಳ ಸಹಿತ ಇಡಲು ಎಡೆಯಿಲ್ಲ. ತೆಳುವಾದ ಮೆತ್ತೆಯನ್ನು ನೆಲದ ಮೇಲೆಯೇ ಹಾಸಬೇಕು. ಕುಳಿತವನ ಮೊಣಕಾಲುಗಳು ಎದೆಯ ಕಡೆಗೆ ಏರುತ್ತವೆ, ತೊಡೆಗಳಿಗೆ ಆಧಾರವಿರುವುದಿಲ್ಲ, ದೇಹದ ಭಾರವೆಲ್ಲ ಬೆನ್ನುಹುರಿಯ ಬುಡಕ್ಕೆ ಬೀಳುತ್ತದೆ. ಗಾಜು ಗಿಡ್ಡವಾದುದರಿಂದ ದೃಷ್ಟಿಯೂ ಕುಗ್ಗುತ್ತದೆ. ಅಮೆರಿಕದ ಕೂಡುರಸ್ತೆಗಳಲ್ಲಿ ಸಂಕೇತದ ದೀಪಗಳು ಹಲವೆಡೆ ರಸ್ತೆಯ ಮೇಲೆ ಎತ್ತರದಲ್ಲಿ ತೂಗುತ್ತವೆ. ಛಾವಣಿ ಕೊಯ್ದ ಕಾರಿನಲ್ಲಿ ಕುಳಿತವನಿಗೆ ಅವು ಕಾಣಿಸವು! ಇದಕ್ಕಾಗಿ ಡ್ಯಾಷ್‌ಬೋರ್ಡಿನ ಮೇಲೆ ಚಿಕ್ಕದೊಂದು ಪಟ್ಟಕವನ್ನು ಇರಿಸಿ, ಮೇಲಿನ ದೀಪದ ಪ್ರತಿಬಿಂಬವನ್ನು ಅದರಲ್ಲಿ ನೋಡುವ ರೂಢಿಯೂ ಬಂದಿತು.

ಇನ್ನು ಕುಲುಕಾಟ. ಫೋರ್ಡರ ಕಾರುಗಳಲ್ಲಿ 1948ರವರೆಗೂ ಮುಂದೊಂದು ಹಿಂದೊಂದು ಅಡ್ಡಲಾಗಿ ಹಾಕಿದ, ನಮ್ಮ ಲಾರಿಗಳಲ್ಲಿರುವಂತಹ ಪಟ್ಟಿಗಳ ಸ್ಪ್ರಿಂಗುಗಳೇ ಇದ್ದವು. ಕಾರನ್ನು ತಗ್ಗಿಸಲೆಂದು ಈ ಪಟ್ಟಿಗಳಲ್ಲಿ ಕೆಲವನ್ನು ತೆಗೆದುಬಿಟ್ಟರೆ, ಅಚ್ಚಿಗೂ ಚಾಸಿಗೂ ನಡುವೆ ಉಳಿಯುವ ಅಂತರ ಅತ್ಯಲ್ಪ. ರಸ್ತೆಯ ಪ್ರತಿಯೊಂದು ಉಬ್ಬೂ ನೇರವಾಗಿ ಸವಾರನ ಸೊಂಟಕ್ಕೆ ಬಂದು ತಾಗುತ್ತದೆ.

ಮೂರನೆಯದು ತಾಪ. ಹಳೆಯ ಫೋರ್ಡ್ ವಿ-8 ಎಂಜಿನ್ನಿನಲ್ಲಿ ಉರಿದ ಹೊಗೆಯು ಹೊರಬೀಳುವ ಮುನ್ನ ಎಂಜಿನ್ನಿನ ಗರ್ಭದಲ್ಲಿಯೇ, ತಂಪುಗೊಳಿಸುವ ನೀರಿನ ನಡುವೆಯೇ ಹಾದುಬರಬೇಕು. ನಡುವಿನ ಎರಡು ಸಿಲಿಂಡರುಗಳಿಗೆ ಪ್ರತಿಪಕ್ಕದಲ್ಲಿಯೂ ಒಂದೇ ಹೊಗೆಬಾಯಿ. ಹೀಗಾಗಿ ಆ ಎಂಜಿನ್ ಬೇಗನೆ ಕಾದುಹೋಗುವುದಕ್ಕೆ ಕುಖ್ಯಾತವಾಗಿತ್ತು. ಈ ಕಾವೆಲ್ಲ ತೆಳುವಾದ ತಗಡಿನ ಗೋಡೆಯನ್ನು ದಾಟಿ ಸವಾರನ ಪಾದಗಳನ್ನು ಸೇರುತ್ತದೆ.

ಇಪ್ಪತ್ತರ ಹರೆಯದವನು ಇದನ್ನೆಲ್ಲ ವಿನೋದವೆಂದು ಸಹಿಸಿಯಾನು. ಅರವತ್ತು ದಾಟಿದವನಿಗೆ ಅದು ಸಾಧ್ಯವಿಲ್ಲ. ಯೌವನದಲ್ಲಿ ತನ್ನ ಕೈಯಿಂದಲೇ ಕಟ್ಟಿದ ಕಾರಿನ ಒಳಗೆ ಮುಪ್ಪಿನಲ್ಲಿ ಕಾಲು ಮಡಿಸಿ ನುಗ್ಗಲಾರದೆ, ಅದನ್ನು ಹೊದಿಕೆಯ ಕೆಳಗೆ ನಿಲ್ಲಿಸಿ ನೋಡುತ್ತ ಕೂರುವುದು ಕಟ್ಟಿದವನಿಗೆ ಎಂತಹ ದುಃಖವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಒಮ್ಮೆ ಏರಿದವರು ಎರಡನೆಯ ಬಾರಿ ಬೇಡವೆನ್ನುವಂತಾದರೆ ಆ ವಿದ್ಯೆ ಮುಂದಿನ ತಲೆಮಾರಿಗೆ ದಾಟುವುದಾದರೂ ಹೇಗೆ?

ಮೊದಲು ಆಸನ, ಆಮೇಲೆ ಗರಗಸ

ಅನುಭವಸ್ಥರಾದ ಕುಶಲಕರ್ಮಿಗಳು ಇದಕ್ಕೆ ಕಂಡುಕೊಂಡ ಮೊದಲ ಸೂತ್ರ ಬಹಳ ಸರಳವಾದುದು. ಗರಗಸವನ್ನು ಹಿಡಿಯುವ ಮೊದಲು ಸವಾರನನ್ನು ಕೂರಿಸು. ಮೈಯನ್ನು ಚಾಸಿಯ ಮೇಲೆ ತಾತ್ಕಾಲಿಕವಾಗಿ ಇಟ್ಟು, ಆಸನ, ಸ್ಟಿಯರಿಂಗ್ ಚಕ್ರ, ಪೆಡಲುಗಳನ್ನು ಅಂದಾಜಿನ ಸ್ಥಳಗಳಲ್ಲಿ ನಿಲ್ಲಿಸಿ, ಯಾರು ಆ ಕಾರನ್ನು ನಡೆಸುವರೋ ಅವರನ್ನೇ ಅಲ್ಲಿ ಕುಳ್ಳಿರಿಸಿ ಅಳತೆ ತೆಗೆಯಬೇಕು. ಮೆತ್ತೆಯು ಭಾರಕ್ಕೆ ಎಷ್ಟು ಕುಸಿಯುವುದು, ತಲೆಗೂ ಛಾವಣಿಗೂ ಎಷ್ಟು ಅಂತರ ಉಳಿಯುವುದು, ಕ್ಲಚ್ಚನ್ನು ಪೂರ್ಣವಾಗಿ ಒತ್ತಿದಾಗ ಮೊಣಕಾಲು ಚಕ್ರಕ್ಕೆ ತಗಲುವುದೋ ಇಲ್ಲವೋ ಎಂಬುದನ್ನು ನೋಡಿ, ಆಮೇಲೆ ಛಾವಣಿಯಲ್ಲಿ ಎಷ್ಟು ಅಂಗುಲ ಕೊಯ್ಯಬಹುದೆಂದು ನಿರ್ಣಯಿಸಬೇಕು. ದರ್ಜಿಯು ಮೈಯಳತೆ ತೆಗೆದುಕೊಂಡೇ ಬಟ್ಟೆಗೆ ಕತ್ತರಿ ಹಾಕುವಂತೆ ಇದು.

ಎರಡನೆಯ ಸೂತ್ರ ಇನ್ನೂ ಮಾರ್ಮಿಕವಾದುದು. ಕಾರನ್ನು ತಗ್ಗಿಸಲು ಎರಡು ದಾರಿಗಳುಂಟು. ಮೈಯನ್ನು ಚಾಸಿಯ ಮೇಲೆ ಇಳಿಸುವುದು ಒಂದು. ಮೈ ಮತ್ತು ಚಾಸಿಗಳನ್ನು ಒಟ್ಟಾಗಿ ಚಕ್ರಗಳ ನಡುವೆ ಇಳಿಸುವುದು ಇನ್ನೊಂದು. ಮೊದಲನೆಯದರ ಬೆಲೆಯನ್ನು ಸವಾರನ ಬೆನ್ನು ತೆರುತ್ತದೆ. ಎರಡನೆಯದರ ಬೆಲೆಯನ್ನು ಕುಶಲಕರ್ಮಿಯ ಶ್ರಮ ತೆರುತ್ತದೆ. ಮುಂದಿನ ಅಚ್ಚಿನ ತುದಿಗಳನ್ನು ಕಾಯಿಸಿ ಮೇಲಕ್ಕೆ ಬಾಗಿಸಿದರೆ ನಡುಭಾಗ ಕೆಳಗಿಳಿದು ಕಾರಿನ ಮೂಗು ತಗ್ಗುತ್ತದೆ. ಹಿಂಭಾಗದಲ್ಲಿ ಚಾಸಿಯನ್ನು ಕತ್ತರಿಸಿ ಅಚ್ಚಿನ ಮೇಲೆ ಮೆಟ್ಟಿಲಿನಂತೆ ಏರಿಸಿ ಬೆಸೆದರೆ ಹಿಂಬದಿಯೂ ಇಳಿಯುತ್ತದೆ. ಒಳಗಿನ ಸ್ಥಳ ಮಾತ್ರ ಒಂದಂಗುಲವೂ ಕಡಿಮೆಯಾಗುವುದಿಲ್ಲ. ಹೊರಗಿನಿಂದ ನೋಡುವವನಿಗೆ ಅದೇ ಹಳೆಯ ತಗ್ಗಿದ ಭಂಗಿ. ಒಳಗಿರುವವನಿಗೆ ನೆಟ್ಟಗೆ ಕೂರುವ ನೆಮ್ಮದಿ. ಮೈಯನ್ನು ಇಳಿಸಲೇಬೇಕಾದಾಗ ಚಾಸಿಯ ಎರಡು ಪಕ್ಕಗಳ ನಡುವೆ ನೆಲದ ತಗಡನ್ನು ಹೊಂಡದಂತೆ ತಗ್ಗಿಸಿ ಕಾಲುಗಳಿಗೆ ಎಡೆ ಮಾಡಿಕೊಡುವವರೂ ಉಂಟು.

ಕುಲುಕಾಟಕ್ಕೂ ಹೀಗೆಯೇ ಉಪಾಯಗಳಿವೆ. ಪಟ್ಟಿಗಳನ್ನು ಕಿತ್ತೆಸೆಯುವ ಬದಲು ಮುಖ್ಯ ಪಟ್ಟಿಯ ತುದಿಯ ಕಣ್ಣನ್ನು ವಿರುದ್ಧ ದಿಕ್ಕಿಗೆ ಸುತ್ತಿ ಎತ್ತರವನ್ನು ಇಳಿಸಬಹುದು. ಪಟ್ಟಿಗಳ ನಡುವೆ ನುಣುಪಾದ ಹಾಳೆಗಳನ್ನಿಟ್ಟರೆ ಅವು ಒಂದರ ಮೇಲೊಂದು ಸರಾಗವಾಗಿ ಜಾರುತ್ತವೆ. ಹಳೆಯ ತೋಳಿನ ಮಾದರಿಯ ಶಾಕ್ ಅಬ್ಸಾರ್ಬರುಗಳ ಸ್ಥಾನದಲ್ಲಿ ಕೊಳವೆಯ ಮಾದರಿಯವನ್ನು ಹಾಕಿದರೆ ಓಲಾಟ ಬೇಗನೆ ಅಡಗುತ್ತದೆ. 1974ರಿಂದ 1978ರವರೆಗೆ ತಯಾರಾದ ಫೋರ್ಡ್ ಮಸ್ಟಾಂಗ್-2 ಕಾರಿನ ಮುಂಭಾಗದ ವ್ಯವಸ್ಥೆಯನ್ನೇ ಕಿತ್ತು ತಂದು ಹಾಕುವ ಪದ್ಧತಿಯೂ ಬಹುಕಾಲ ಪ್ರಚಾರದಲ್ಲಿತ್ತು. ಅದರಿಂದ ಸವಾರಿಯೇನೋ ಹಿತವಾಗುತ್ತದೆ. ಆದರೆ ಮಡ್‌ಗಾರ್ಡಿಲ್ಲದ ಕಾರಿನಲ್ಲಿ ಮುಂದಿನ ಅಚ್ಚು ಎಲ್ಲರ ಕಣ್ಣಿಗೂ ಬೀಳುವುದರಿಂದ, ಹಳೆಯ ಮುಖದ ಮೇಲೆ ಹೊಸ ಹಲ್ಲಿನ ಸಾಲನ್ನಿಟ್ಟಂತೆ ತೋರುತ್ತದೆ. ಮಡ್‌ಗಾರ್ಡುಗಳಿರುವ ಕಾರಿಗೆ ಅದು ಒಪ್ಪೀತು, ಇಲ್ಲದುದಕ್ಕೆ ಒಪ್ಪದು.

ತಾಪಕ್ಕೆ ಪರಿಹಾರವೆಂದರೆ ಎಂಜಿನ್ ಕಡೆಯ ಗೋಡೆಗೂ ನೆಲಕ್ಕೂ ಒಳಗಿನಿಂದ ತಾಪನಿರೋಧಕ ಪದರಗಳನ್ನು ಅಂಟಿಸುವುದು. ಅದರಿಂದ ಸದ್ದೂ ಕುಗ್ಗುತ್ತದೆ. 1976ರಲ್ಲಿ ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ನಗರದಲ್ಲಿ ಆರಂಭವಾದ ವಿಂಟೇಜ್ ಏರ್ ಎಂಬ ಸಂಸ್ಥೆಯು ಹಳೆಯ ಕಾರುಗಳ ಇಕ್ಕಟ್ಟಿನಲ್ಲಿ ಅಡಗಿಸಿ ಇಡಬಹುದಾದ ಹವಾನಿಯಂತ್ರಣ ಯಂತ್ರಗಳನ್ನು ತಯಾರಿಸುತ್ತ ಬಂದಿದೆ. ಹೊರಗೆ ಹಳೆಯ ಡೈನಮೋವಿನಂತೆ ಕಂಡರೂ ಒಳಗೆ ಹೊಸ ಆಲ್ಟರ್ನೇಟರ್ ಇರುವ ಸಾಧನಗಳು, ನೋಟಕ್ಕೆ ಹಳೆಯ ಕಾಲದ ಟೈರಿನಂತಿದ್ದು ಒಳರಚನೆಯಲ್ಲಿ ಇಂದಿನ ರೇಡಿಯಲ್ ಆಗಿರುವ ಟೈರುಗಳು ಸಹ ಈಗ ದೊರೆಯುತ್ತವೆ.

ಸಂಪ್ರದಾಯವೆಂಬುದು ಯಾವುದು?

ಇಲ್ಲಿಗೆ ಕರ್ಮಠರ ಆಕ್ಷೇಪ ಬರುತ್ತದೆ. “ಹೀಗೆ ಒಳಗೆಲ್ಲ ಹೊಸದನ್ನು ತುಂಬಿ ಹೊರಗೆ ಹಳೆಯ ವೇಷ ತೊಡಿಸಿದರೆ ಅದು ಹಾಟ್ ರಾಡ್ ಹೇಗಾದೀತು? ಹಿರಿಯರು ಪಟ್ಟ ಕಷ್ಟವೇ ಅದರ ಜೀವಾಳ” ಎಂಬುದು ಅವರ ವಾದ. ಇದನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. 1980ರ ದಶಕದಲ್ಲಿ ನುಣುಪಿನ ಮೋಹವು ಮಿತಿಮೀರಿ, ಹಿಡಿಕೆಗಳಿಲ್ಲದ ಬಾಗಿಲು, ಯಂತ್ರದಲ್ಲಿ ಕೊರೆದ ಅಲ್ಯೂಮಿನಿಯಮ್ ಚಕ್ರ ಇವುಗಳಿಂದ ಕೆಲವು ಕಾರುಗಳು ತಮ್ಮ ಮೂಲವನ್ನೇ ಮರೆತಂತೆ ತೋರಿದ್ದುಂಟು. ಅದಕ್ಕೆ ಪ್ರತಿಕ್ರಿಯೆಯಾಗಿಯೇ 1990ರ ದಶಕದಲ್ಲಿ ಹಳೆಯ ಶೈಲಿಯ ಪುನರುಜ್ಜೀವನ ನಡೆಯಿತು.

ಆದರೂ ಕರ್ಮಠರು ತಮ್ಮ ಹಿರಿಯರ ನಡೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ಗಮನಿಸಬೇಕು. 1932ರ ಫೋರ್ಡಿನಲ್ಲಿ ಬ್ರೇಕುಗಳು ಕಬ್ಬಿಣದ ಸರಳುಗಳಿಂದ ಎಳೆಯಲ್ಪಡುತ್ತಿದ್ದವು. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕು ಫೋರ್ಡ್ ಕಾರುಗಳಿಗೆ ಬಂದುದು 1939ರಲ್ಲಿ. ಬಂದ ಕೂಡಲೇ ಹಾಟ್ ರಾಡ್ ಕಟ್ಟುವವರು ಅದನ್ನು ತಮ್ಮ ಹಳೆಯ ಕಾರುಗಳಿಗೆ ಹಾಕಿಕೊಳ್ಳತೊಡಗಿದರು. 1948ರಿಂದ 1952ರವರೆಗಿನ ಫೋರ್ಡ್ ಎಫ್-1 ಪಿಕಪ್ ಗಾಡಿಯ ಸ್ಟಿಯರಿಂಗ್ ಪೆಟ್ಟಿಗೆಯು ಹೆಚ್ಚು ದೃಢವೆಂದು ಕಂಡಾಗ ಅದನ್ನೂ ತಂದರು. ಇಂದು ಇವೆರಡೂ ಅಪ್ಪಟ ಸಾಂಪ್ರದಾಯಿಕವೆಂದು ಮಾನ್ಯವಾಗಿವೆ. ತಮ್ಮ ಕಾಲದ ಉತ್ತಮ ಅಂಶವನ್ನು ಹುಡುಕಿ ತಂದು ಹಳೆಯದಕ್ಕೆ ಜೋಡಿಸುವುದೇ ಹಿರಿಯರ ಸಂಪ್ರದಾಯವಾಗಿದ್ದಿತು.

ಡೋನ್ ಸ್ಪೆನ್ಸರ್ ಎಂಬವರು 1940ರ ದಶಕದಲ್ಲಿ ಕಟ್ಟಿದ 1932ರ ಫೋರ್ಡ್ ರೋಡ್‌ಸ್ಟರ್ ಇದಕ್ಕೆ ಶ್ರೇಷ್ಠ ನಿದರ್ಶನ. ಮೆಕ್ಸಿಕೋ ದೇಶದ ದೀರ್ಘ ರಸ್ತೆ ಪಂದ್ಯಕ್ಕೆ ಅದನ್ನು ಅಣಿಗೊಳಿಸುವಾಗ ಅವರು, ಒರಟು ದಾರಿಯಲ್ಲಿ ತಳ ತಗಲದಿರಲೆಂದು ಹೊಗೆನಳಿಕೆಗಳನ್ನು ಚಾಸಿಯ ಕೆಳಗಿನಿಂದ ಎತ್ತಿ ಚಾಸಿಯ ಒಳಗಿನಿಂದಲೇ ಹಾಯಿಸಿದರು. ದಾರಿಯನ್ನು ನೆನೆದು ಕಟ್ಟಿದ ಕಾರು ಅದು. 1997ರಲ್ಲಿ ಪೆಬಲ್ ಬೀಚಿನ ಸುಪ್ರಸಿದ್ಧ ಪ್ರದರ್ಶನದಲ್ಲಿ ಮೊತ್ತಮೊದಲ ಬಾರಿಗೆ ಹಾಟ್ ರಾಡುಗಳಿಗೆ ಪ್ರತ್ಯೇಕ ವಿಭಾಗ ತೆರೆದಾಗ ಪ್ರಥಮ ಬಹುಮಾನ ಸಂದುದು ಈ ಕಾರಿಗೆ.

ಆದ್ದರಿಂದ ವಿವೇಕಿಯಾದವನು ಬದಲಾವಣೆಗಳನ್ನು ಮೂರು ಮೆಟ್ಟಿಲುಗಳಲ್ಲಿ ವಿಂಗಡಿಸಿ ನೋಡಬೇಕೆಂದು ನನ್ನ ಅಭಿಪ್ರಾಯ. ಮೊದಲನೆಯದು ಪ್ರಾಣರಕ್ಷಣೆ: ಬ್ರೇಕು, ಸ್ಟಿಯರಿಂಗ್, ಟೈರು, ದೀಪ, ಆಸನದ ಬೆಲ್ಟು. ಅಮೆರಿಕದಲ್ಲಿ ಹೊಸ ಕಾರುಗಳಿಗೆ ಬೆಲ್ಟು ಕಡ್ಡಾಯವಾದುದೇ 1968ರಲ್ಲಿ; 1932ರ ಕಾರಿನಲ್ಲಿ ಅದಿಲ್ಲವೆಂದು ಇಂದೂ ಕಟ್ಟಿಕೊಳ್ಳದಿರುವುದು ಸಂಪ್ರದಾಯವಲ್ಲ, ಅವಿವೇಕ. ಇಲ್ಲಿ ಹಳೆಯದರ ಹೆಸರಿನಲ್ಲಿ ಚೌಕಾಶಿ ಸಲ್ಲದು. ಎರಡನೆಯದು ದೇಹಧರ್ಮ: ಬೆನ್ನಿಗೆ ಆಧಾರ, ಕಾಲಿಗೆ ಎಡೆ, ಕಣ್ಣಿಗೆ ನೋಟ, ಕಾವಿಗೆ ತಡೆ. ಇವನ್ನು ನಡೆಸುವವನ ಮೈಯಳತೆಗೆ ತಕ್ಕಂತೆ, ರೂಪಕ್ಕೆ ಭಂಗಬಾರದಂತೆ ಒದಗಿಸಬೇಕು. ಮೂರನೆಯದು ಭೋಗ: ಗಾಜನ್ನು ಏರಿಸಲು ವಿದ್ಯುತ್ ಗುಂಡಿ, ಅಬ್ಬರಿಸುವ ಧ್ವನಿಯಂತ್ರ, ಬಣ್ಣಬಣ್ಣದ ಪರದೆಗಳು. ಹಳೆಯ ಕಾರು ಬೇಕೆಂದವನು ಬಿಡಬೇಕಾದುದು ಇವನ್ನೇ. ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವಣ ಗೆರೆಯನ್ನು ಗುರುತಿಸುವುದರಲ್ಲಿಯೇ ಕಟ್ಟುವವನ ಸಂಸ್ಕಾರವಿದೆ.

ನಮಗಿರುವ ಪಾಠ

ನಮ್ಮ ತರುಣರಿಗೆ ಒಂದು ಎಚ್ಚರಿಕೆ. ಅಮೆರಿಕದ ಈ ಹವ್ಯಾಸವನ್ನು ಕಂಡು ಇಲ್ಲಿ ಗರಗಸ ಹಿಡಿಯಬೇಡಿರಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ನಿರ್ದೇಶಿಸಿದ ವಿವರಗಳಿಂದ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸಿದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ನಾವು ತೆಗೆದುಕೊಳ್ಳಬೇಕಾದುದು ಅವರ ವಿವೇಕವನ್ನು.

ಶರಣ ಪರಂಪರೆಯಲ್ಲಿ ಬೆಳೆದವರಿಗೆ ಆ ವಿವೇಕ ಅಪರಿಚಿತವಲ್ಲ. ಮೇದಾರ ಕೇತಯ್ಯನವರ ಬಿದಿರ ಕೆಲಸಕ್ಕೂ ಪೂಜೆಗೂ ಭೇದವೆಣಿಸದ ಕಾಯಕದೃಷ್ಟಿ ನಮ್ಮದು. ಬೆಸುಗೆ ಹಾಕುವವನ ಏಕಾಗ್ರತೆಯನ್ನು ನಾವು ಗೌರವಿಸಬಲ್ಲೆವು. ಶರೀರವನ್ನೇ ಶಿವನ ನೆಲೆಯೆಂದು ಬಗೆದ ಧರ್ಮದಲ್ಲಿ ಬೆನ್ನುನೋವನ್ನು ಭಕ್ತಿಯ ಕುರುಹೆಂದು ಮೆರೆಸುವುದಕ್ಕೆ ಸ್ಥಾನವಿಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನವರು ಮಿಕ್ಕುದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗ ನಮ್ಮ ಮನೆಮನೆಗಳಲ್ಲಿ ಪರಿಚಿತ. ಹಸಿವಿಗೆ ಬೇಕಾದುದನ್ನು ಆ ತಾಯಿ ಬೇಡವೆನ್ನಲಿಲ್ಲ. ಬೇಡದ ಸಂಗ್ರಹವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಿತಕ್ಕೂ ಭೋಗಕ್ಕೂ ನಡುವೆ ಗೆರೆ ಎಳೆಯಲು ಇದಕ್ಕಿಂತ ನೇರವಾದ ಅಳತೆಗೋಲು ನನಗೆ ತಿಳಿದಿಲ್ಲ.

ಹಳೆಯ ಮನೆಯನ್ನು ದುರಸ್ತಿಗೊಳಿಸುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಅಜ್ಜ ಕಟ್ಟಿಸಿದ ತೊಟ್ಟಿಮನೆಯ ಎತ್ತರವಾದ ಹೊಸ್ತಿಲನ್ನು ವೃದ್ಧೆಯಾದ ತಾಯಿ ದಾಟಲಾರಳೆಂದಾಗ, ಹೊಸ್ತಿಲನ್ನು ಕಿತ್ತೆಸೆಯುವವನು ಆತುರಗಾರ. ತಾಯಿಯೇ ಎಡವಿಕೊಂಡು ದಾಟಲಿ ಎನ್ನುವವನು ಕಠೋರ. ಪಕ್ಕದಲ್ಲಿ ಅದೇ ಕಲ್ಲಿನ ಒಂದು ಮೆಟ್ಟಿಲನ್ನು ಕೂಡಿಸಿ, ಗೋಡೆಗೆ ಒಂದು ಹಿಡಿಕೆಯನ್ನು ನಾಟಿಸುವವನು ಮನೆಯನ್ನೂ ತಾಯಿಯನ್ನೂ ಉಳಿಸಿಕೊಳ್ಳುತ್ತಾನೆ.

ನಿಂತುಹೋದುದನ್ನು ಸ್ಥಾವರವೆಂದೂ ಚಲಿಸುವುದನ್ನು ಜಂಗಮವೆಂದೂ ನಮ್ಮವರು ವಿವೇಚಿಸಿದ್ದಾರೆ. ಕಾಲದ ಒಂದು ಮೊಳೆಯನ್ನೂ ಬದಲಿಸದೆ ಗಾಜಿನ ಕೋಣೆಯಲ್ಲಿ ನಿಲ್ಲಿಸಿದ ಕಾರು ಎಷ್ಟೇ ಶುದ್ಧವಾಗಿದ್ದರೂ ಸ್ಥಾವರ. ಎರಡು ಮೊಳೆ ಹೊಸದಾಗಿ, ಒಂದು ಮೆತ್ತೆ ದಪ್ಪವಾಗಿ, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಜ್ಜನು ಸಂಜೆಯ ದಾರಿಯಲ್ಲಿ ನಡೆಸುವ ಕಾರು ಜಂಗಮ. ಆ ವಿದ್ಯೆಯನ್ನು ಕಲಿತುಕೊಳ್ಳುವ ಆಸೆ ಮೊಮ್ಮಗನಲ್ಲಿ ಮೂಡುವುದು ಆ ಪಕ್ಕದ ಆಸನದಲ್ಲಿ ಕುಳಿತಾಗಲೇ.